ಹಿಂದೆ ಮೂರು ಇಂಚು ಹೆಚ್ಚು

ಆ ಬೆಳಿಗ್ಗೆ ಸಕ್ಕರೆ ಡಬ್ಬಿ ಮೂರನೆಯ ಸಲ ಜಾಗ ಬದಲಿಸಿತು. ಮೊದಲು ಒಲೆಯ ಪಕ್ಕ, ಆಮೇಲೆ ಕಿಟಕಿಯ ಕಟ್ಟೆ, ಈಗ ಹೊಸದಾಗಿ ಹೊಡೆದ ಹಲಗೆ. ಟೇಪ್ ಮಾಸ್ಟರ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಸಮಾಧಾನವಾಗಲಿಲ್ಲ. ಹತ್ತಿರ ಹೋಗಿ ನೆಲದಿಂದ ಹಲಗೆಯವರೆಗೆ ಮತ್ತೊಮ್ಮೆ ಅಳೆದ. ಅವನು ದರ್ಜಿ. ಕೊರಳಲ್ಲಿ ಸದಾ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ಸ್ನಾನಕ್ಕೆ ಹೋಗುವಾಗಲಾದರೂ ತೆಗೆದಿಡುತ್ತಾನೋ ಇಲ್ಲವೋ, ಹೆಂಡತಿಗೇ ಗೊತ್ತು.

ಆ ಹೆಂಡತಿ ಮೂರು ಗಂಟೆ ದಾರಿಯ ಆಸ್ಪತ್ರೆಯಲ್ಲಿದ್ದಳು. ಮೊನ್ನೆ ಅವಳ ಬೆನ್ನುಹುರಿಯ ಬಳಿ ಎರಡು ತೆಳು ತಂತಿ ಇಳಿಸಿ, ಸೊಂಟದ ಹಿಂಬದಿ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಬ್ಯಾಟರಿ ಇಟ್ಟು ಹೊಲಿದಿದ್ದರು. ಹನ್ನೊಂದು ವರ್ಷದಿಂದ ಸೊಂಟದಿಂದ ಎಡಗಾಲಿಗೆ ಇಳಿಯುತ್ತಿದ್ದ ಉರಿಯನ್ನು ಆ ಯಂತ್ರ ಸಣ್ಣ ಕರೆಂಟು ಕೊಟ್ಟು ಅಡಗಿಸುತ್ತದಂತೆ. ಆದರೆ ತಂತಿಗಳು ಒಳಗೆ ಕಚ್ಚಿಕೊಳ್ಳಲು ಆರು ವಾರ ಬೇಕು. ಅಲ್ಲಿಯವರೆಗೆ ಬಗ್ಗುವಂತಿಲ್ಲ, ಸೊಂಟ ತಿರುಚುವಂತಿಲ್ಲ, ಭುಜಕ್ಕಿಂತ ಮೇಲೆ ಕೈ ಎತ್ತುವಂತಿಲ್ಲ, ಭಾರ ಹೊರುವಂತಿಲ್ಲ.

“ತಂತಿ ಜರುಗಿದ್ರೆ ಮತ್ತೆ ಕೊಯ್ಯಬೇಕಾಗುತ್ತೆ” ಎಂದು ನರ್ಸಮ್ಮ ಅವನ ಮುಖ ನೋಡಿಯೇ ಹೇಳಿದ್ದಳು.

ಹೆದರಬೇಕಾದದ್ದು ತಂತಿಗಲ್ಲ, ಹೆಂಡತಿಗೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ನೋವು ಜೀವ ಹಿಂಡುವಾಗಲೂ ಗೋಡೆ ಹಿಡಿದು ಮನೆಯೆಲ್ಲ ಓಡಾಡಿದವಳು. ಕೈಯಿಂದ ಚಮಚ ಬಿದ್ದರೆ ಹಲ್ಲು ಕಚ್ಚಿ ತಾನೇ ಎತ್ತಿಕೊಳ್ಳುತ್ತಿದ್ದಳು. ‘ಎತ್ಕೊಡಿ’ ಎಂಬ ಒಂದು ಮಾತು ಇಷ್ಟು ವರ್ಷದಲ್ಲಿ ಆ ಬಾಯಿಂದ ಬಂದಿದ್ದರೆ ಕೇಳಿ. ಅಂಥವಳನ್ನು ಬಗ್ಗಬೇಡ ಎಂದು ಬೇಡಿಕೊಂಡು ಪ್ರಯೋಜನವಿಲ್ಲ, ಬಗ್ಗುವ ಪ್ರಸಂಗವೇ ಬಾರದ ಹಾಗೆ ಮನೆಯನ್ನು ಕಟ್ಟಬೇಕು ಎಂದು ಅವನು ತೀರ್ಮಾನಿಸಿದ್ದ.

ಎರಡು ದಿನದಿಂದ ಅದೇ ಕೆಲಸ. ಎಡವುವ ಕಾಲೊರಸುಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಎಸೆದ. ಕೆಳಗಿನ ಕಪಾಟುಗಳ ಹಿಡಿಗೆ ಲಾಡಿ ಕಟ್ಟಿ ಮೂರು ಮೂರು ಗಂಟು ಹಾಕಿದ. ಪಾತ್ರೆ, ಸಾಬೂನು, ಬಾಚಣಿಗೆ, ಔಷಧಿ, ಬ್ಯಾಟರಿಯ ಚಾರ್ಜರು, ಎಲ್ಲವೂ ಅವಳ ಮೊಣಕೈ ಮಟ್ಟದ ಹಲಗೆಗಳಿಗೆ ಬಂದವು. ಗಾಯಕ್ಕೆ ಸೊಂಟಪಟ್ಟಿ ಉಜ್ಜಬಾರದೆಂದು, ತೋಳು ಎತ್ತದೆ ತೊಡಬೇಕೆಂದು, ಮುಂದೆ ಉದ್ದಕ್ಕೂ ಗುಂಡಿಯಿರುವ ಮೂರು ನಿಲುವಂಗಿಗಳನ್ನು ಮೊದಲೇ ಹೊಲಿದು ಆಸ್ಪತ್ರೆಗೆ ಕಳಿಸಿದ್ದ.

ಅಳತೆಗೇನೂ ಕಷ್ಟವಿರಲಿಲ್ಲ. ಗಿರಾಕಿಗಳ ಅಳತೆ ಪುಸ್ತಕದಲ್ಲಿ ಅವಳಿಗೂ ಒಂದು ಪುಟವಿತ್ತು. ಮೈ ಬದಲಾಗುತ್ತದೆಂದು ಎಲ್ಲರದನ್ನೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದವನು ಅವಳದನ್ನು ಮಾತ್ರ ಪೆನ್ನಿನಲ್ಲಿ ಬರೆದಿದ್ದ. ಕೊನೆಯ ಸಾಲು: ಹಿಂದೆ ಮೂರು ಇಂಚು ಹೆಚ್ಚು. ನೋವಿಗೆ ಬಾಗಿದ ಬೆನ್ನು ಬಟ್ಟೆಯನ್ನು ಮೇಲಕ್ಕೆಳೆಯುತ್ತದೆ. ಅಷ್ಟು ಹೆಚ್ಚು ಬಿಟ್ಟರೆ ಅಂಚು ಸಮನಾಗಿ ಇಳಿಬೀಳುತ್ತದೆ. ಈ ಗುಟ್ಟನ್ನು ಅವಳಿಗೆ ಅವನು ಹೇಳಿರಲಿಲ್ಲ.

ಮತ್ತೆ ಫೋನು ತಿರುಗಿಸಿದ. ಎತ್ತಿದ್ದು ನಾದಿನಿ.

“ಭಾವ, ಬೆಳಿಗ್ಗೆಯಿಂದ ಇದು ಎಷ್ಟನೇ ಫೋನು?”

“ಹೊರಟ್ರಾ? ಸೀಟು ಹಿಂದಕ್ಕೆ ಒರಗಿಸಿದ್ದೀಯಾ? ರಸ್ತೇಲಿ ಗುಂಡಿ ಬಂದ್ರೆ ನಿಧಾನ.”

“ಗುಂಡಿಗೂ ಒಂದು ಕ್ಷಮೆ ಕೇಳಿ ದಾಟ್ತೀನಿ, ಸರಿನಾ? ಅಕ್ಕನಿಗೆ ಕೊಡಲಾ?”

“ಬೇಡ ಬೇಡ, ತಗೊಳ್ಳೋಕೆ ತಿರುಗ್ತಾಳೆ.”

ನಾದಿನಿ ನಗುತ್ತ ಫೋನಿಟ್ಟಳು. ಅವನು ಬಾಗಿಲಿಗೆ ಹೋದ, ಒಳಗೆ ಬಂದ, ಲಾಡಿಯ ಗಂಟುಗಳನ್ನು ಎಳೆದು ನೋಡಿದ, ಮತ್ತೆ ಬಾಗಿಲಿಗೆ ಹೋದ. ಟೀ ಮಾಡಿಕೊಂಡು ಕುಡಿಯುವುದನ್ನೇ ಮರೆತ.

ಮಧ್ಯಾಹ್ನ ಕಾರು ಬಂದು ನಿಂತಿತು. ತಂಗಿಯ ಕೈ ಹಿಡಿದು ಅವಳು ಇಡೀ ಮೈಯನ್ನು ಒಟ್ಟಿಗೇ ತಿರುಗಿಸಿ ಮೆಲ್ಲಗೆ ಇಳಿದಳು. ಕಸುಬಿನ ಚಾಳಿ, ಅವನ ಕಣ್ಣು ಹೋದದ್ದು ನಿಲುವಂಗಿಯ ಅಂಚಿಗೆ. ಮುಂದೆ ಸರಿಯಿತ್ತು, ಹಿಂದೆ ಇಳಿದು ಹಿಮ್ಮಡಿಯ ಧೂಳು ಗುಡಿಸುತ್ತಿತ್ತು. ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಇಂಥ ಓರೆ ಕತ್ತರಿಸಿತೇ ಎಂದು ನಾಚಿಕೆಪಟ್ಟು ತಲೆ ಎತ್ತಿದ. ಅವಳ ಮುಖ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಅವನ ಎದೆಯ ಮಟ್ಟಕ್ಕಿರುತ್ತಿದ್ದ ಮುಖ ಈಗ ಗಲ್ಲದ ಮಟ್ಟದಲ್ಲಿತ್ತು.

“ಗಾಯ ನೋಯ್ತಿದೆ. ಕಾಲು ಉರೀತಿಲ್ಲ ಕಣ್ರೀ” ಎಂದಳು.

ಅವನು ಸಂತೋಷದಿಂದ ಕುರ್ಚಿ ಎಳೆದು ಇಟ್ಟ. ಅಷ್ಟರಲ್ಲಿ ಅವಳು ಕುರ್ಚಿಯ ಕಡೆ ಕಣ್ಣೂ ಹಾಯಿಸದೆ ಅಡುಗೆಮನೆ ಹೊಕ್ಕಿದ್ದಳು. ಅವನು ಹಿಂದೆಯೇ ಓಡಿದ. ಅವಳ ಕೈ ಸಕ್ಕರೆ ಡಬ್ಬಿಗೆ ಚಾಚಿತ್ತು. ಹಲಗೆ ಅವಳ ಮೊಣಕೈಗಿಂತ ಒಂದು ಗೇಣು ಕೆಳಗಿತ್ತು. ಭುಜ ಮುಂದಕ್ಕೆ ಬಾಗತೊಡಗಿತು.

“ನಿಲ್ಲು!”

ಅವನ ಕೂಗಿಗೆ ಹೊರಗಿದ್ದ ನಾದಿನಿಯ ಕೈಯಿಂದ ಚೀಲ ಬಿತ್ತು. ಹೆಂಡತಿ ಇದ್ದಲ್ಲೇ ನಿಂತು ಸುತ್ತ ನೋಡಿದಳು.

“ಏನ್ರೀ ಇದು? ಪುಟ್ಟ ಮಕ್ಕಳ ಶಾಲೆ ಮಾಡಿಟ್ಟಿದ್ದೀರಾ? ಎಲ್ಲಾ ಇಷ್ಟು ಕೆಳಗೆ!”

“ನಿನ್ನ ಅಳತೇನೇ.”

“ಯಾವ ಕಾಲದ್ದು?”

ಅವನು ಪುಸ್ತಕ ತಂದು ಪುಟ ಬಿಚ್ಚಿ ಅವಳ ಕಣ್ಣೆದುರು ಹಿಡಿದ. ಅವಳು ಕೊನೆಯ ಸಾಲನ್ನು ಎರಡು ಸಲ ಓದಿದಳು.

“ಎಲ್ಲಾ ಬಟ್ಟೆಗೂ ಹೀಗೇನಾ?”

“ಹೂಂ. ಬೆನ್ನು ಬಾಗಿದ್ದನ್ನ ಯಾರೂ ಗುರುತಿಸಬಾರದು ಅಂತ.”

ಅವಳ ಕಣ್ಣು ತುಂಬಿತು, ಆದರೆ ದನಿಯಲ್ಲಿ ಸಿಟ್ಟಿತ್ತು. “ನಾನು ನೆಟ್ಟಗಾಗ್ತೀನಿ ಅಂತ ನಿಮಗೆ ಅನ್ನಿಸಲೇ ಇಲ್ಲ, ಅಲ್ವಾ?”

ಹೌದಲ್ಲ, ಎರಡು ದಿನ ಮೊಳೆ ಹೊಡೆದೂ ಹೊಡೆದೂ ಒಮ್ಮೆಯೂ ಅವಳು ನೇರವಾಗಿ ನಿಲ್ಲುವುದನ್ನು ಅವನು ಯೋಚಿಸಿರಲಿಲ್ಲ.

“ಹೆದರಿಕೆ ಕಣೇ. ಆಸೆ ಇಟ್ಕೊಂಡು ಹಲಗೇನ ಮೇಲೆ ಹೊಡೆದು, ನೀನು ಹಾಗೇ ವಾಪಸ್ ಬಂದಿದ್ರೆ?”

ಅವಳು ಪುಸ್ತಕದ ಪುಟ ಮಗುಚಿದಳು. “ಅಳೀರಿ ಮತ್ತೆ” ಎಂದು ಕೈ ಇಳಿಬಿಟ್ಟು ನಿಂತಳು.

ಅವನು ಕೊರಳಿಂದ ಟೇಪು ತೆಗೆದ. ನೆಲದಿಂದ ಮೊಣಕೈ. ಕತ್ತಿನಿಂದ ಹಿಮ್ಮಡಿ, ಬ್ಯಾಂಡೇಜಿಗೆ ತಾಗದ ಹಾಗೆ ಉಸಿರು ಬಿಗಿಹಿಡಿದು. ಮುಂದೆ ಒಮ್ಮೆ, ಹಿಂದೆ ಒಮ್ಮೆ. ಹೆಚ್ಚು ಬಿಡಬೇಕಾದದ್ದು ಒಂದು ಇಂಚೂ ಇರಲಿಲ್ಲ. ಅವನು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದ.

“ಪೆನ್ನಲ್ಲಿ ಬರೀರಿ.”

“ಆರು ವಾರ ಕಳೀಲಿ ಕಣೇ, ತಂತಿ...”

“ಪೆನ್ನಲ್ಲಿ.”

ಅವನು ಅವಸರದಲ್ಲಿ ಜೇಬಿನಿಂದ ಪೆನ್ನು ಎಳೆದ. ಪೆನ್ನು ಜಾರಿ, ಟಪ್ಪೆಂದು ಬಿದ್ದು, ಉರುಳಿ ಅವಳ ಪಾದದ ಪಕ್ಕ ನಿಂತಿತು. ಅದನ್ನೆತ್ತಲು ಅವಳ ಮಂಡಿ ಒಂದಿಷ್ಟು ಬಾಗಿತು. ಅವಳು ಒಂದು ಕೈಯಿಂದ ಕಟ್ಟೆ ಹಿಡಿದು ಮತ್ತೆ ನೆಟ್ಟಗೆ ನಿಂತಳು, ನಿಂತು ಇನ್ನೊಂದು ಕೈ ಚಾಚಿದಳು.

“ಎತ್ಕೊಡ್ರೀ, ನಾನೇ ಬರೀತೀನಿ.”