ಹಬ್ಬ ಮುಗೀಲಿ

ಕೊಳೆತ ಸೇವಂತಿಗೆ, ಕಡಿದ ಬಾಳೆಕಂದು, ಒಡೆದ ಬೂದುಗುಂಬಳದ ನೀರು. ಮೂರೂ ಸೇರಿದ ಆ ವಾಸನೆ ಅನಿಲ್ ಕುಮಾರನಿಗೆ ಅವ್ವನ ವಾಸನೆ. ಚಿಕ್ಕವನಿದ್ದಾಗ, ಹಬ್ಬದ ಮರುದಿನ ಗಾಂಧಿ ಬಜಾರ್ ಗುಡಿಸಿ ಅವಳು ಮನೆಗೆ ಬಂದರೆ, ಓಡಿಹೋಗಿ ಅವಳ ಸೆರಗಿನಲ್ಲಿ ಮುಖ ಹುದುಗಿಸುತ್ತಿದ್ದ. ಬೀದಿಯವರು ಮೂಗು ಮುಚ್ಚಿಕೊಂಡು ದಾಟುತ್ತಿದ್ದುದು ಅವನಿಗೆ ಅವ್ವ ಬಂದಳು ಎಂಬ ಗುರುತಾಗಿತ್ತು.

"ಲೇ, ಅಮೆರಿಕಾ ದೊರೆ! ನಿಂತ್ಕೊಂಡು ಏನ್ಲಾ ಮೂಸ್ತಿದೀಯ? ಎತ್ತೋ ಆ ಕಂದು. ನಿಮ್ಮಪ್ಪ ಬಂದು ಎತ್ತಾನಾ?"

ಮೇಸ್ತ್ರಿ ರಾಮಾಂಜಿನಪ್ಪ ಸ್ಕೂಟರಿನಿಂದ ಇಳಿದಿರಲಿಲ್ಲ. ಆಯುಧಪೂಜೆ, ವಿಜಯದಶಮಿ ಎರಡೂ ಕಳೆದ ಮರುದಿನ. ಅದೇ ಗಾಂಧಿ ಬಜಾರ್ ರಸ್ತೆಯ ಉದ್ದಕ್ಕೂ ಕುಂಕುಮ ಮೆತ್ತಿದ ಕುಂಬಳದ ಹೋಳುಗಳು ಬಿದ್ದಿದ್ದವು. ಅನಿಲ್ ಕಂದನ್ನು ಎತ್ತಿ ಗಾಡಿಗೆ ಹಾಕಿ, ಬಗ್ಗಿ ಕೆಮ್ಮಿದ.

"ಮೇಸ್ತ್ರಿ, ಇವತ್ತು ಬೇಗ ಬಿಡ್ತೀನಿ ಅಂದಿದ್ರಿ. ಮೆಡಿಕಲ್ ಐತೆ."

"ಹಬ್ಬ ಮುಗೀಲಿ ಅಂದಿದ್ದೆ."

"ಮುಗೀತಲ್ಲಣ್ಣ."

"ಜನಕ್ಕೆ ಮುಗೀತು. ನಿಂಗೆಲ್ಲಿ ಮುಗೀತು ಬೋಳಿಮಗನೆ? ರೋಡ್ ನೋಡು."

ವರಮಹಾಲಕ್ಷ್ಮಿಗೂ ಇದೇ ಮಾತು, ಗೌರಿ ಗಣೇಶಕ್ಕೂ ಇದೇ ಮಾತು. ಅನಿಲನ ಹೆಂಡತಿ ಮೋನಿಷಾ ಅವನದೇ ಕಾಲೋನಿಯ ಹುಡುಗಿ. ನರ್ಸಿಂಗ್ ಓದಿ, ಯುಗಾದಿ ಕಳೆದ ಮೇಲೆ ಅಮೆರಿಕದ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋಗಿದ್ದಳು. ಬಸಿರೆಂದು ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಗಂಡನ ವೀಸಾಕ್ಕೆ ಅರ್ಜಿ ಹಾಕಿ, ಶ್ರಾವಣದಲ್ಲೇ ಫೋನ್ ಮಾಡಿ ಹೇಳಿದ್ದಳು: "ಅನಿ, ಮೆಡಿಕಲ್ ಈಗ್ಲೇ ಮಾಡಿಸ್ಬಿಡು. ಎದೇಲಿ ಏನಾದ್ರೂ ಕಂಡ್ರೆ ಟೆಸ್ಟ್‌ಗೆ ತುಂಬಾ ದಿನ ಹಿಡಿಯುತ್ತೆ. ಪಾಪು ಬರೋಷ್ಟ್ರಲ್ಲಿ ನೀನು ಇಲ್ಲಿರ್ಬೇಕು."

ಅವನು ರಜೆ ಕೇಳಿದ. ಮೇಸ್ತ್ರಿ ಕೊಡಲಿಲ್ಲ. ಇನ್ನಷ್ಟು ಕೇಳಬಹುದಿತ್ತು, ಅವನೂ ಕೇಳಲಿಲ್ಲ. ಹಬ್ಬದ ಧೂಳು ಮುಗಿಯಲಿ, ನಾಲ್ಕು ದಿನ ಬೆಲ್ಲ ತಿಂದರೆ ಎದೆ ತೊಳೆದಂತಾಗುತ್ತದೆ, ಆಮೇಲೆ ಎಕ್ಸ್‌ರೇಗೆ ನಿಂತರೆ ಚೊಕ್ಕವಾಗಿ ಬರುತ್ತದೆ ಎಂದುಕೊಂಡಿದ್ದ. ಗುಡಿಸುವವರೆಲ್ಲ ಬೆಲ್ಲ ತಿನ್ನುತ್ತಾರೆ. ಅವ್ವ ಸಾಯುವ ತನಕ ತಿಂದಿದ್ದಳು.

ಹೂ ಮಾರುವ ಕಾವೇರಮ್ಮ ತನ್ನ ಬಿಂದಿಗೆಯಿಂದ ಅವನ ಕೈಗೆ ನೀರು ಹುಯ್ದರು. "ಸೋಪ್ ಹಾಕ್ಕೋಪ್ಪ, ಉಗುರಲ್ಲೆಲ್ಲ ಕುಂಕುಮ" ಎಂದು ತಮ್ಮ ಸೋಪಿನ ಚೂರನ್ನೇ ಕೊಟ್ಟರು. ಮೇಸ್ತ್ರಿ ಬೇರೆ ಕಡೆ ತಿರುಗಿದಾಗ ಅವನು ಬಸ್ಸು ಹತ್ತಿದ.

ಕ್ಲಿನಿಕ್ಕು ವೈಯಾಲಿಕಾವಲ್‌ನಲ್ಲಿತ್ತು. ಕೌಂಟರಿನ ಹುಡುಗಿ ಅವನ ಅಂಗಿ ನೋಡಿ, ತಲೆ ಎತ್ತದೆ ಹೇಳಿದಳು.

"ಕಸ ತಗೊಳ್ಳೋರು ಹಿಂದಿನ ಗೇಟಿಂದ ಬರ್ಬೇಕು."

"ನಾನೇ ಪೇಷಂಟು ಮೇಡಂ. ವೀಸಾಕ್ಕೆ."

ಸಾಲಿನಲ್ಲಿ ಕೂತಿದ್ದವರು ತಿರುಗಿ ನೋಡಿದರು. ಒಬ್ಬಾಕೆ ಕೈಚೀಲವನ್ನು ಪಕ್ಕದ ಕುರ್ಚಿಯಿಂದ ತೊಡೆಗೆ ಎತ್ತಿಕೊಂಡರು. ಅವನು ಆ ಕುರ್ಚಿಯಲ್ಲಿ ಕೂರಲಿಲ್ಲ. ಎಕ್ಸ್‌ರೇ ತೆಗೆಯುವ ಯುವಕ ಮಾತ್ರ, "ತಣ್ಣಗಿರುತ್ತೆ ಅಣ್ಣ, ಒಂದ್ನಿಮಿಷ" ಎಂದು ಎದೆ ತಾಗುವ ತಗಡನ್ನು ಅಂಗೈಯಿಂದ ಉಜ್ಜಿ ಬೆಚ್ಚಗೆ ಮಾಡಿ ಅವನನ್ನು ನಿಲ್ಲಿಸಿದ.

ಡಾಕ್ಟರು ಪರದೆಯನ್ನು ನೋಡುತ್ತಲೇ ಮಾತಾಡಿದರು.

"ನೆರಳಿದೆ. ಟಿಬಿ ಇರಬಹುದು, ಇಲ್ಲದೇನೂ ಇರಬಹುದು. ಮೂರು ದಿನ ಬಿಡದೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಂದು ಕಫ ಕೊಡ್ಬೇಕು. ಒಂದು ದಿನ ತಪ್ಪಿದ್ರೂ ಮೊದಲಿಂದ. ಅದ್ರಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡೋ ಕಲ್ಚರ್‌ಗೆ ಎರಡು ತಿಂಗಳು ಆಗುತ್ತೆ."

"ಸಾರ್, ದೀಪಾವಳಿ ಮುಗಿದ ವಾರ ಇಂಟರ್‌ವ್ಯೂ."

"ಅದು ತಪ್ಪಿಹೋಯ್ತು ಅಂದ್ಕೊಳ್ಳಿ. ರಿಪೋರ್ಟ್ ಹೋಗದೆ ವೀಸಾ ಆಗಲ್ಲ. ಮತ್ತೆ ಯಾವಾಗ ಕರೀತಾರೋ ನಂಗೊತ್ತಿಲ್ಲ. ಆಗಸ್ಟಲ್ಲೇ ಬಂದಿದ್ರೆ ಇಷ್ಟೊತ್ತಿಗೆ ಮುಗಿದಿರೋದು. ಇಷ್ಟ್ ದಿನ ಏನ್ ಮಾಡ್ತಿದ್ರಿ?"

"ಗುಡಿಸ್ತಿದ್ದೆ ಸಾರ್."

ರಾತ್ರಿ ಪಾಳಿ ಮುಗಿಸಿದ ಮೋನಿಷಾ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ಎರಡು ತಿಂಗಳು ಮುಂದಕ್ಕೆ ತಾರೀಖು ಎಣಿಸಿದಳು.

"ಬೈಯ್ಯೇ" ಎಂದ.

"ಯಾರ್ನ ಬೈಲಿ? ಊಟ ಮಾಡು ಸರಿಯಾಗಿ" ಎಂದಳು. ಆಮೇಲೆ, "ಹೆರಿಗೆಗೆ ಕರ್ಕೊಂಡ್ ಹೋಗೋಕೆ ಯಾರ್ನಾದ್ರೂ ಕೇಳಿಡ್ತೀನಿ" ಎಂದಳು. ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಮೊದಲ ದಿನ ಕಫ ಕೊಟ್ಟು ಓಡಿ ಬಂದು ಪೊರಕೆ ಹಿಡಿದ. ಎರಡನೆಯ ದಿನ ಮೇಸ್ತ್ರಿ ಕಾದು ನಿಂತಿದ್ದ.

"ಎಲ್ಲೋಗಿದ್ಯೋ ಮುಂಡೇದೆ?"

"ಕಫ ಕೊಡೋಕೆ."

"ಏನು? ಉಗಿಯೋಕಾ?" ಮೇಸ್ತ್ರಿ ಹೂವಿನವರ ಕಡೆ ತಿರುಗಿ ನಕ್ಕ. "ಕೇಳ್ರಪ್ಪಾ, ನನ್ಮಗಂಗೆ ಉಗಿಯೋಕೂ ರಜ ಬೇಕಂತೆ. ಇಲ್ಲೇ ಉಗಿಯೋ, ನಾವೂ ನೋಡಾನ. ಉಗೀಲೇ!"

ಇಬ್ಬರು ನಕ್ಕರು. ಕಾವೇರಮ್ಮ ತಲೆ ಬಗ್ಗಿಸಿ ಹೂ ಕಟ್ಟುತ್ತಿದ್ದರು, ಅವರ ಕೈ ನಿಂತಿತು. ಕಫ ಅನಿಲನ ಗಂಟಲಿನವರೆಗೆ ಬಂದಿತ್ತು, ನುಂಗಿಕೊಂಡ.

"ನಾಳೆ ಬೆಳಿಗ್ಗೆ ಹಾಜರಿಗೆ ನಿನ್ ಮುಖ ಕಾಣ್ಲಿಲ್ಲ ಅಂದ್ರೆ ಇನ್ಯಾವತ್ತೂ ಕಾಣ್ಬಾರ್ದು. ನಿನ್ ಜಾಗಕ್ಕೆ ಹತ್ತು ಜನ ಅವ್ರೆ."

ಮೂರನೆಯ ಬೆಳಿಗ್ಗೆ ಅವನು ಗಾಂಧಿ ಬಜಾರಿನ ಕಡೆ ಹೋಗಲಿಲ್ಲ. ಕ್ಲಿನಿಕ್ಕಿನ ಹಿಂದಿನ ಅಂಗಳದಲ್ಲಿ, ಶೀಟು ಹೊದಿಸಿದ ಚಿಕ್ಕ ಗೂಡಿನೊಳಗೆ ನಿಂತು ಕೆಮ್ಮಿದ. ಒಣ ಕೆಮ್ಮು, ಏನೂ ಬರಲಿಲ್ಲ. ಹೊರಗೆ ನೆಲ ಒರೆಸುತ್ತಿದ್ದ ಆಯಾ ಲಕ್ಷ್ಮೀದೇವಮ್ಮ ಮುಖಕ್ಕೆ ಸೆರಗು ಸುತ್ತಿಕೊಂಡು, "ಉಸ್ರು ಒಳಕ್ಕೆ ಎಳ್ಕೋ ಮಗ. ಇನ್ನೂ. ಅವಸ್ರ ಇಲ್ಲ" ಎಂದಳು. ಅವಸರವಿಲ್ಲ ಎಂದು ಅವನಿಗೆ ಹೇಳಿದವರು ಆ ಮೂರು ತಿಂಗಳಲ್ಲಿ ಅವಳೊಬ್ಬಳೇ. ಹೊಟ್ಟೆಯ ಆಳದಿಂದ ಕೆಮ್ಮಿದ. ಬಂತು. ಡಬ್ಬಿಯ ಮುಚ್ಚಳ ತಿರುಗಿಸಿ ಕೊಟ್ಟ.

ಫೋನು ಆಗಲೇ ಬಡಿದುಕೊಳ್ಳುತ್ತಿತ್ತು.

"ಎಲ್ಲಿದೀಯೋ? ದೀಪಾವಳಿ ಬರ್ತಾ ಐತೆ, ಪಟಾಕಿ ಕಸ ಯಾರ್ಲಾ ಎತ್ತೋದು?"

"ಈ ಸಲ ನೀವೇ ಎತ್ತಿ ರಾಮಾಂಜಿನಪ್ಪನೋರೆ," ಎಂದ ಅನಿಲ್. ಮೇಸ್ತ್ರಿ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಸ್ಕೂಟ್ರಿಂದ ಇಳಿದು ಎತ್ತಿ. ಎದೆ ತುಂಬಾ ಧೂಳು ಕುಡೀರಿ. ನಂಗೆ ಹಬ್ಬ ಮುಗೀತು."

ಆ ಕಡೆಯಿಂದ ಬೈಗುಳ ಬರುತ್ತಿರುವಾಗಲೇ ಫೋನ್ ಆರಿಸಿದ.

ಹಿಂದಿನ ಗೇಟಿನ ಮೆಟ್ಟಿಲ ಮೇಲೆ ಕೂತ. ಕೆಲಸ ಹೋಯಿತು. ಎರಡು ತಿಂಗಳು ಆ ಡಬ್ಬಿಯಲ್ಲಿ ಏನು ಬೆಳೆಯುತ್ತದೋ, ಬೆಳೆಯದೋ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಕೂಸು ಹುಟ್ಟಿರುತ್ತದೆ. ಅಪ್ಪನ ಜಾಗದಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಯಾರು ನಿಂತಿರುತ್ತಾರೋ. ಒಳಗೆ ಕೌಂಟರಿನ ಹುಡುಗಿ, ಅವನು ಹಿಡಿದು ಬಂದಿದ್ದ ಬಾಗಿಲ ಹಿಡಿಗೆ ಕ್ರಿಮಿನಾಶಕ ಸಿಂಪಡಿಸುತ್ತಿದ್ದುದು ಕಾಣಿಸಿತು.

ಲಕ್ಷ್ಮೀದೇವಮ್ಮ ಬಕೆಟ್ಟು ಹಿಡಿದು ಹೊರಗೆ ಬಂದಳು. ಕೊಳೆ ನೀರು ಚೆಲ್ಲಿ, ಕೈ ತೊಳೆದು, ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲದಿಂದ ತನ್ನ ಬುತ್ತಿ ತೆಗೆದಳು. ಎರಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಬುತ್ತಿಯ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟು, ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.