ಎರಡಿಂಚು ಕಡಿಮೆಯ ಮೋಟರು

ದರ್ಜಿಗೆ ಒಂದು ಚಾಳಿಯಿತ್ತು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದಾಗ ಕಣ್ಣಿಗೆ ನಲವತ್ತೆರಡು ಕಂಡರೆ ಬಾಯಲ್ಲಿ ನಲವತ್ತು ಎನ್ನುತ್ತಿದ್ದ. ಕತ್ತರಿ ಮಾತ್ರ ನಲವತ್ತೆರಡಕ್ಕೇ ಹೋಗುತ್ತಿತ್ತು. ಗಿರಾಕಿಗೂ ಖುಷಿ, ಪ್ಯಾಂಟೂ ಸರಿ. ಹೊಟ್ಟೆ ಇಳಿದಿದೆ ಎಂದು ನಂಬಿ, ಆ ಸಂತೋಷಕ್ಕೆ ಎದುರಿನ ಬೇಕರಿಗೆ ನುಗ್ಗಿದವರೂ ಇದ್ದರು. ದರ್ಜಿ ಇದನ್ನು ಸುಳ್ಳು ಎನ್ನುತ್ತಿರಲಿಲ್ಲ, ವ್ಯಾಪಾರದ ಮರ್ಯಾದೆ ಎನ್ನುತ್ತಿದ್ದ. ಊರವರಿಗೆಲ್ಲ ಈ ಮರ್ಯಾದೆ ತೋರಿಸಿ ತೋರಿಸಿ, ಕೊನೆಗೆ ತನಗೆ ತಾನೇ ತೋರಿಸಿಕೊಳ್ಳತೊಡಗಿದ. ಎಡವಟ್ಟಾದದ್ದು ಅಲ್ಲಿಂದ.

ಬೇಸಿಗೆಯಲ್ಲಿ ಒಂದು ದಿನ ತನ್ನ ದೋಣಿಯಲ್ಲಿ ಮೀನು ಹಿಡಿಯಲು ಹೋಗಿ ಕೆರೆಯ ಮಧ್ಯೆ ಹುಟ್ಟು ಹಾಕುತ್ತಿದ್ದಾಗ ಅವನ ಎದೆ ಹಿಡಿದುಕೊಂಡಿತ್ತು. ಹೇಗೋ ದಡ ಸೇರಿದ. ಡಾಕ್ಟರು ಮಾತ್ರೆ ಬರೆದುಕೊಟ್ಟು, ತೂಕ ಇಳಿಸಿ, ಹುಟ್ಟು ಮುಟ್ಟಬೇಡಿ, ಎರಡು ತಿಂಗಳು ಬಿಟ್ಟು ಬಂದು ತೋರಿಸಿ ಎಂದರು. ಹೆಂಡತಿ ಅಷ್ಟಕ್ಕೆ ನಿಲ್ಲಲಿಲ್ಲ, ದೋಣಿಯನ್ನೇ ಮಾರಿಬಿಡಿ ಎಂದಳು. ಕೊಳ್ಳಲು ಪಕ್ಕದಂಗಡಿಯ ಕ್ಷೌರಿಕ ತುದಿಗಾಲಲ್ಲಿ ನಿಂತಿದ್ದ. ದರ್ಜಿಯ ಆರೋಗ್ಯ ವಿಚಾರಿಸಲು ಬಂದವನು ಒಂದು ನಿಮಿಷ ಆರೋಗ್ಯದ ಬಗ್ಗೆ ಮಾತಾಡಿ, ಉಳಿದ ಹೊತ್ತೆಲ್ಲ ದೋಣಿಯ ಆರೋಗ್ಯ ವಿಚಾರಿಸಿ ಹೋದ.

ಆ ದೋಣಿ ದೊಡ್ಡದೇನಲ್ಲ. ಇಬ್ಬರು ಕೂತರೆ ಮೂರನೆಯವನು ಮೀನಾಗಿರಬೇಕು. ಆದರೆ ವಾರವಿಡೀ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂತ ಬೆನ್ನು ನೆಟ್ಟಗಾಗುತ್ತಿದ್ದದ್ದು ಅಲ್ಲಿ ಮಾತ್ರ. ಅಲ್ಲಿ ಯಾರೂ ಕಾಲರು ಬಿಗಿ, ತೋಳು ಸಡಿಲ ಎನ್ನುತ್ತಿರಲಿಲ್ಲ. ದೋಣಿ ಹೋದರೆ ತಾನೂ ಅಂಗಡಿಯ ಸ್ಟೂಲಿನಂತೆ ಒಂದು ಸಾಮಾನಾಗಿ ಉಳಿಯುತ್ತೇನೆ ಎಂದು ಅವನಿಗೆ ನಿಜವಾಗಿ ದುಃಖವಾಯಿತು. ಹಾಗಾಗಿ ಬೇಡಿಕೊಂಡ, ಮುನಿಸಿಕೊಂಡ, ಒಂದು ಹೊತ್ತು ಊಟವನ್ನೂ ಬಿಟ್ಟ. ಊಟ ಬಿಟ್ಟದ್ದಕ್ಕೆ ಹೆಂಡತಿ ಸಂತೋಷಪಟ್ಟಳು. ಅದೂ ಕೆಲಸಕ್ಕೆ ಬರದಾಗ ಟ್ರೋಲಿಂಗ್ ಮೋಟರಿನ ಮಾತೆತ್ತಿದ. ದೋಣಿಯ ಹಿಂದಿನ ಹಲಗೆಗೆ ಬಿಗಿದು ಬ್ಯಾಟರಿಗೆ ತಗುಲಿಸಿದರೆ ಸಾಕು, ಸದ್ದಿಲ್ಲದೆ ಅದೇ ತಳ್ಳಿಕೊಂಡು ಹೋಗುತ್ತದೆ, ಹುಟ್ಟು ಹಾಕುವ ಮಾತೇ ಇಲ್ಲ.

ಹೆಂಡತಿ ಯೋಚಿಸಿ ಹೇಳಿದಳು. "ಆಯ್ತು. ಆದ್ರೆ ಮೊದಲನೇ ಸಲ ನಾನೂ ಬರ್ತೀನಿ. ನೀವು ಒಂದೇ ಒಂದು ಸಲ ಹುಟ್ಟು ಹಿಡಿದ್ರೂ ಸರಿ, ದೋಣಿ ಕ್ಷೌರಿಕರ ಪಾಲು."

ದರ್ಜಿ ಮೋಟರಿನ ಅಧ್ಯಯನಕ್ಕೆ ಕೂತ. ಕಾಜಾ ಹಾಕಬೇಕಾದ ಅಂಗಿಗಳ ಮೇಲೆ ಮೋಟರಿನ ಚಿತ್ರಪುಸ್ತಕಗಳು ಹರಡಿಕೊಂಡವು. ಹನ್ನೆರಡು ವೋಲ್ಟೋ ಇಪ್ಪತ್ತನಾಲ್ಕೋ, ಕೈಯಲ್ಲಿ ತಿರುಗಿಸುವುದೋ ಕಾಲಲ್ಲಿ ಒತ್ತುವುದೋ ಎಂದು ತನ್ನಷ್ಟಕ್ಕೆ ವಾದ ಮಾಡಿಕೊಂಡ. ಒಂದು ಮದುವೆಯ ಕೋಟಿಗೆ ಎರಡೂ ಎಡತೋಳು ಇಟ್ಟು ಹೊಲಿದದ್ದು ಆ ವಾರವೇ. ಇಷ್ಟೆಲ್ಲ ಅಳೆದೂ ತೂಗಿದವನು ಮುಗ್ಗರಿಸಿದ್ದು ಮಾತ್ರ ತೂಗುವ ಕಡೆ.

ಮೋಟರಂಗಡಿಯವನು ಕಡ್ಡಿಯಂಥ ಮನುಷ್ಯ. ಪೆನ್ಸಿಲನ್ನು ಕಿವಿಯಿಂದ ತೆಗೆದು, "ದೋಣಿ ಉದ್ದ ಎಷ್ಟು? ಹಿಂದಿನ ಹಲಗೆ ನೀರಿನಿಂದ ಎಷ್ಟು ಮೇಲಿದೆ?" ಎಂದು ಕೇಳಿದ. ದರ್ಜಿ ಅರ್ಧ ಇಂಚೂ ತಪ್ಪದಂತೆ ಉತ್ತರ ಕೊಟ್ಟ. ಮೋಟರಿನ ಕಂಬ ಎಷ್ಟು ಉದ್ದವಿರಬೇಕೆಂದು ತಾನೇ ಲೆಕ್ಕ ಹಾಕಿ ಹೇಳಿದ. ಅಂಗಡಿಯವನು ತಲೆದೂಗಿದ. ಹೆಂಡತಿ ಹೆಮ್ಮೆಯಿಂದ ನೋಡಿದಳು. ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

"ಈಗ ತೂಕ ಹೇಳಿ. ದೋಣಿ, ಬ್ಯಾಟರಿ, ಸಾಮಾನು, ಕೂರೋ ಜನ, ಎಲ್ಲ ಸೇರಿಸಿ ಎಷ್ಟು ತಳ್ಳಬೇಕು ಅನ್ನೋದರ ಮೇಲೆ ಮೋಟರು."

ದರ್ಜಿ ಹೆಂಡತಿಯ ಕಡೆ ಓರೆನೋಟ ಬೀರಿದ. ಎರಡು ತಿಂಗಳು ಬಿಟ್ಟು ಡಾಕ್ಟರ ಬಳಿಗೆ ಹೋಗಿಬಂದೆ, ತೂಕ ಎಪ್ಪತ್ತನಾಲ್ಕಕ್ಕೆ ಇಳಿದಿದೆಯಂತೆ, ಡಾಕ್ಟರಿಗೇ ಆಶ್ಚರ್ಯ ಎಂದು ಅವನು ಮನೆಯಲ್ಲಿ ಹೇಳಿದ್ದ. ನಿಜ ಏನೆಂದರೆ, ಆಸ್ಪತ್ರೆಯ ಬಾಗಿಲಲ್ಲೇ ಇಟ್ಟಿದ್ದ ತೂಕದ ಯಂತ್ರ ಕಂಡು ಅವನ ಕಾಲು ತಾನಾಗಿ ಹಿಂದಕ್ಕೆ ತಿರುಗಿತ್ತು. ತಿರುಗಿದ ಕಾಲು ನೇರ ಬೇಕರಿಗೆ ಹೋಗಿ ನಿಂತಿತ್ತು. ಅಲ್ಲಿ ಬೆಣ್ಣೆ ಬಿಸ್ಕತ್ತು ತಿನ್ನುತ್ತಾ ಅವನು ಎಪ್ಪತ್ತನಾಲ್ಕೆಂಬ ಸಂಖ್ಯೆಯನ್ನು ಹೊಲಿದಿದ್ದ. ಗೆಳೆಯನ ಗೋಡೌನಿನಲ್ಲಿ ಬಟ್ಟೆಯ ಮೂಟೆ ತೂಗುವ ತಕ್ಕಡಿ ಮಾತ್ರ ತೊಂಬತ್ತೊಂದು ಎಂದಿತ್ತು. ಮೂಟೆ ತೂಗುವ ತಕ್ಕಡಿಗೆ ಮನುಷ್ಯರ ವಿಷಯ ಏನು ಗೊತ್ತು ಎಂದು ಅವನು ಅದನ್ನು ತಳ್ಳಿಹಾಕಿದ್ದ.

ಈಗ ಹೆಂಡತಿ ಪಕ್ಕದಲ್ಲೇ ಇದ್ದಳು. "ಎಪ್ಪತ್ತನಾಲ್ಕು," ಎಂದ.

"ನನ್ನದು ಐವತ್ತೆಂಟು," ಎಂದಳು ಹೆಂಡತಿ, ಗೋಡೆಯ ಮೇಲಿನ ಗಾಳಗಳನ್ನು ನೋಡುತ್ತಾ.

ಅದೂ ಸುಳ್ಳೆಂದು ದರ್ಜಿಗೆ ಗೊತ್ತಿತ್ತು. ಅವಳ ಬಟ್ಟೆಗಳ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟ ಬಟ್ಟೆಯನ್ನು ಕದ್ದುಮುಚ್ಚಿ ಬಿಟ್ಟು ಮತ್ತೆ ಹೊಲಿಯುತ್ತಿದ್ದವನು ಅವನೇ. ಆದರೆ ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ಕಳ್ಳನಿಗೊಬ್ಬ ಕಳ್ಳ ಸಾಕ್ಷಿ ಎನ್ನುವಂತಾಗಿತ್ತು ಸಂಸಾರ.

ಅಂಗಡಿಯವನು ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದ. ಅವನೂ ವ್ಯಾಪಾರಸ್ಥ, ಗಿರಾಕಿಯ ಮಾತಿಗೆ ಎದುರಾಡಲಿಲ್ಲ. "ನೀವು ಹೇಳಿದ ತೂಕಕ್ಕೆ ಈ ಚಿಕ್ಕದು ಸಾಕು. ಆದ್ರೂ ನನ್ನ ಕೇಳಿದ್ರೆ ಒಂದು ಸೈಜು ದೊಡ್ಡದೇ ತಗೊಳ್ಳಿ. ಗಾಳಿ ಎದ್ರೆ ಬೇಕಾಗುತ್ತೆ."

ಸ್ವಲ್ಪ ಸಡಿಲವಾಗಿಯೇ ಇರಲಿ ಸಾರ್ ಎಂದು ದಪ್ಪ ಗಿರಾಕಿಗಳಿಗೆ ತಾನು ಹೇಳುವುದೂ ಇದೇ ಧಾಟಿಯಲ್ಲೇ ಎಂದು ದರ್ಜಿಗೆ ಹೊಳೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ದೊಡ್ಡ ಮೋಟರು ಒಪ್ಪಿಕೊಂಡರೆ ದೊಡ್ಡ ಹೊಟ್ಟೆ ಒಪ್ಪಿಕೊಂಡ ಹಾಗೆಯೇ. "ಬೇಡ ಬೇಡ. ನಮಗೆ ಈ ಚಿಕ್ಕದೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ," ಎಂದುಬಿಟ್ಟ.

"ನೋಡಿ, ತೂಕ ಇಳಿಸಿದ್ದಕ್ಕೆ ಚಿಕ್ಕ ಮೋಟರೇ ಸಾಕಾಯ್ತು," ಎಂದು ಹೆಂಡತಿ ಹೊರಗೆ ಬರುವಾಗ ಅವನ ತೋಳು ಹಿಡಿದುಕೊಂಡಳು. ಆ ಹಿಡಿತಕ್ಕೆ ಅವನಿಗೆ ನಾಚಿಕೆಯಾಯಿತು. ಆದರೂ ತೋಳು ಬಿಡಿಸಿಕೊಳ್ಳಲಿಲ್ಲ.

ಭಾನುವಾರ ಇಬ್ಬರೂ ನೀರಿಗಿಳಿದರು. ಗುಂಡಿ ತಿರುಗಿಸುತ್ತಲೇ ದೋಣಿ ಬಾಣ ಬಿಟ್ಟ ಹಾಗೆ ಹೊರಟಿತು. ದರ್ಜಿ ಒಂದೇ ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದನ್ನು ಸೊಂಟದ ಮೇಲಿಟ್ಟು ಹಡಗಿನ ಕಪ್ತಾನನಂತೆ ಕೂತ. "ನೋಡಿದ್ಯಾ ಓಟ? ಆರಿಸೋಕೂ ತಲೆ ಬೇಕು," ಎಂದ. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು ಎಂಬುದು ಆ ತಲೆಗೆ ಹೊಳೆಯಲಿಲ್ಲ.

ಕೆರೆಯ ಆಚೆ ಬದಿಯಲ್ಲಿ ಗಾಳ ಹಾಕಿದರು. ಹೆಂಡತಿಗೆ ಎರಡು ಮೀನು ಬಿದ್ದವು. ದರ್ಜಿಗೆ ಒಂದು ಹಳೆಯ ಬೂಟು ಸಿಕ್ಕಿತು. ಗಾಳಿ ಜೋರಾಯಿತು, ಹೊರಡೋಣ ಎಂದಳು ಅವಳು. ಅವನು ದೋಣಿ ತಿರುಗಿಸಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಮೋಟರು ಗುಂಯ್ ಎಂದಿತು. ನೀರು ಹಿಂದೆ ಹೋಗುತ್ತಿತ್ತು, ದೋಣಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ, "ರೀ, ಆ ಬಿಳಿ ಕಟ್ಟಡ ಆಗಿನಿಂದ ಅಲ್ಲೇ ಇದೆಯಲ್ಲ," ಎಂದಳು.

"ಕಟ್ಟಡ ಅಂದ್ಮೇಲೆ ಅಲ್ಲೇ ಇರ್ಬೇಕು ತಾನೇ?"

"ಅದರ ಪಕ್ಕದ ಮರಾನೂ ಅಲ್ಲೇ ಇದೆ."

"ನಿಧಾನಕ್ಕೆ ಹೋಗೋಣ ಅಂತ ನಾನೇ ಹೀಗೆ ಬಿಟ್ಟಿದ್ದೀನಿ. ಹೊಸ ಮೋಟರು, ಪಳಗಬೇಕು," ಎಂದ ದರ್ಜಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಮೋಟರಿಗೆ ಮೀಸೆಯ ಚಿಂತೆ ಇರಲಿಲ್ಲ. ಅದು ಎರಡು ಸಲ ಗೊರಗೊರ ಎಂದು, ಬ್ಯಾಟರಿ ಬರಿದು ಮಾಡಿ ಸುಮ್ಮನಾಯಿತು. ದೋಣಿ ಅಡ್ಡ ತಿರುಗಿತು, ಅಲೆಗಳು ಒಳಗೆ ನೀರು ಎರಚತೊಡಗಿದವು.

ದರ್ಜಿಯ ಕೈ ಹುಟ್ಟಿನ ಕಡೆ ಹೋಯಿತು. ಅಷ್ಟರಲ್ಲಿ ಹುಟ್ಟಿನ ಮೇಲೆ ಹೆಂಡತಿಯ ಕಾಲು ಬಂದು ಕೂತಿತು.

"ಅಂಗಡಿಯವನು ಲೆಕ್ಕ ತಪ್ಪಿದನಾ? ನೀವು ತೂಕ ತಪ್ಪಾಗಿ ಹೇಳಿದ್ರಾ?"

ಅಂಗಡಿಯವನ ಮೇಲೆ ಹೊರಿಸಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಬಾಯಿವರೆಗೂ ಬಂತು. ಆದರೆ ಆ ಕಡ್ಡಿ ಮನುಷ್ಯ ದೊಡ್ಡದು ತಗೊಳ್ಳಿ ಎಂದದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. "ತೊಂಬತ್ತೊಂದು," ಎಂದ ದರ್ಜಿ, ನೀರಿಗೆ ಹೇಳುವಂತೆ.

"ಮತ್ತೆ ಡಾಕ್ಟರು ಎಪ್ಪತ್ತನಾಲ್ಕು ಅಂದಿದ್ದು?"

"ಡಾಕ್ಟರ ಹತ್ರ ಹೋಗೇ ಇಲ್ಲ."

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಅವನಿಗೂ ಅಭ್ಯಾಸವಿತ್ತು. ಅವಳು ಬೈಯಲಿಲ್ಲ. ಮುಖ ಮಾತ್ರ ಸಣ್ಣದಾಯಿತು. ಎದ್ದು ಬಂದು ಅವನನ್ನು ಪಕ್ಕಕ್ಕೆ ಸರಿಸಿ ನಡುವಿನ ಹಲಗೆಯ ಮೇಲೆ ಕೂತು, ಎರಡೂ ಹುಟ್ಟುಗಳನ್ನು ಹಿಡಿದಳು. ಅವಳು ಹುಟ್ಟು ಹಾಕಿದ್ದು ಹುಟ್ಟಿದ ಮೇಲೆ ಇದೇ ಮೊದಲು. ದೋಣಿ ಬುಗುರಿಯ ಹಾಗೆ ತಿರುಗಿತು. ಅವನು ಎಡ ಎಂದರೆ ಬಲಕ್ಕೆ ಎಳೆದಳು, ಬಲ ಎಂದರೆ ಅವನ ಮೊಣಕಾಲಿಗೆ ಹೊಡೆದಳು. ಮನೆಗೆ ಹೋಗುವ ದಿಕ್ಕಂತೂ ಕನಸಿನ ಮಾತಾಯಿತು. ಗಾಳಿ ತಳ್ಳಿದತ್ತ ಹೋಗಿ, ಕೊನೆಗೆ ಆಚೆ ದಡದ ಜೊಂಡಿನಲ್ಲಿ ದೋಣಿ ಸಿಕ್ಕಿಕೊಂಡು ನಿಂತಿತು. ಮುಳುಗುವ ಭಯ ತಪ್ಪಿತು.

ಅವಳ ಅಂಗೈ ಕೆಂಪಾಗಿತ್ತು. ಏದುಸಿರು ಬಿಡುತ್ತಾ ಹೇಳಿದಳು. "ನಂದೂ ಐವತ್ತೆಂಟಲ್ಲ."

"ಗೊತ್ತು. ನಿನ್ನ ಬಟ್ಟೆ ಹೊಲಿಗೆ ಬಿಚ್ಚಿ ಬಿಡೋನು ನಾನೇ ಅಲ್ವಾ?"

"ನೀವು ಬಿಚ್ತೀರ ಅಂತ ನನಗೂ ಗೊತ್ತು. ಬಟ್ಟೆ ಏನು ಪೆಟ್ಟಿಗೇಲಿ ಮಲಗಿ ಬೆಳೆಯುತ್ತಾ?"

ದರ್ಜಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಯಾವುದಕ್ಕೆ ಮೊದಲು ದಾರಿ ಬಿಡಬೇಕೆಂದು ತಿಳಿಯದೆ ಕೆಮ್ಮಿದ. ಊರಿನವರ ಸೊಂಟವೆಲ್ಲ ಬಲ್ಲ ತಾನು ಮನೆಯೊಳಗೆ ಎಂಥ ಮೊದ್ದಾಗಿದ್ದೆ ಎನ್ನಿಸಿತು. ಹುಟ್ಟು ಮುಟ್ಟದೆ ಪಂದ್ಯ ಗೆದ್ದಿದ್ದ, ಆದರೆ ಆ ಕೆಂಪು ಅಂಗೈ ನೋಡಿ ಗೆಲುವನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ.

"ದೋಣಿ ಕ್ಷೌರಿಕನಿಗೆ ಕೊಟ್ಟುಬಿಡ್ತೀನಿ," ಎಂದ. ಮನಸ್ಸಿಟ್ಟೇ ಹೇಳಿದ.

"ಕೊಟ್ಟು? ಮನೇಲಿ ಇಷ್ಟು ವರ್ಷದಲ್ಲಿ ನೀವು ಒಂದು ದಿನ ಹೀಗೆ ನಿಜ ಮಾತಾಡಿದ್ದೀರಾ? ಇಲ್ಲಿ ಓಡಿಹೋಗೋಕೆ ಜಾಗ ಇಲ್ಲ ಅಂತ ಮಾತಾಡಿದ್ರಿ. ದೋಣಿ ಇರ್ಲಿ. ನಾಳೆ ಡಾಕ್ಟರ ಹತ್ರ ನಾನೂ ಬರ್ತೀನಿ. ಅಲ್ಲಿ ಬಂದ ತೂಕ ತಗೊಂಡು ಮೋಟರಂಗಡಿಗೆ ಹೋಗೋಣ. ನಂದನ್ನೂ ಸೇರಿಸಿ ಹೇಳಿ. ಇನ್ಮೇಲೆ ನಿಮ್ಮನ್ನ ಒಬ್ಬರನ್ನೇ ಕಳಿಸಲ್ಲ."

ದರ್ಜಿ ತಲೆ ತಗ್ಗಿಸಿದ. "ಆಸ್ಪತ್ರೆ ಬಾಗಿಲವರೆಗೆ ಹೋಗಿದ್ದೆ. ವಾಪಸ್ ಬಂದಿದ್ದು ಅಲ್ಲಿನ ತೂಕದ ಯಂತ್ರಕ್ಕೆ ಹೆದರಿ ಅಲ್ಲ ಕಣೇ. ತೂಕ ನೋಡಿದ್ಮೇಲೆ ಡಾಕ್ಟರು ಏನು ಹೇಳ್ತಾರೋ ಅಂತ ಭಯ."

"ನನಗೂ ಭಯಾನೇ," ಎಂದಳು ಅವಳು, ಅವನ ಕೈಯನ್ನು ತನ್ನ ಉರಿಯುವ ಅಂಗೈಯಲ್ಲಿ ಹಿಡಿದು. "ರಾತ್ರಿ ನೀವು ಗೊರಕೆ ನಿಲ್ಲಿಸಿದ್ರೆ ಸಾಕು, ಎದ್ದು ಮೂಗಿನ ಹತ್ರ ಕೈ ಇಟ್ಟು ನೋಡ್ತೀನಿ. ಒಬ್ಬಳೇ ಎಷ್ಟು ದಿನ ಅಂತ ಹೆದರ್ಲಿ?"