ಬನದ ಗುರುತು

ಬೆಳಿಗ್ಗೆ ಒಂಬತ್ತೂವರೆಗೆ ಮುದ್ರಣಾಲಯದಿಂದ ನಕ್ಷೆಯ ಕಟ್ಟು ಬಂತು. ನಾಗಬನದ ಮೇಲೆ ಡೇರೆಯ ಚಿತ್ರ ಅಚ್ಚಾಗಿತ್ತು.

ಕೊಡಿಯಾಲ್‌ಬೈಲಿನ ಕಂಪ್ಯೂಟರ್ ಸೆಂಟರಿನಲ್ಲಿ ಕಟ್ಟು ಬಿಚ್ಚಿದವಳು ಸ್ವರ್ಣಲತಾ. ಕೂಳೂರು ಸೇತುವೆಯಿಂದ ಘಟ್ಟದ ತುದಿಯವರೆಗೆ ಆರು ದಿನ ನಡೆಯುವ ದಾರಿಗೆ ನಕ್ಷೆ ಮಾಡಿದ್ದು ಅವಳು ಮತ್ತು ಅವಳ ಕಾಲೇಜು ಗೆಳೆಯ ಚಿತ್ತರಂಜನ. ಅದು 1988. ಕರಾವಳಿಯ ಸರ್ವೇ ನಕ್ಷೆ ಸಾರ್ವಜನಿಕರಿಗೆ ಸಿಗುತ್ತಿರಲಿಲ್ಲ. ಹಾಗಾಗಿ ರಜೆಯಲ್ಲೆಲ್ಲ ಇಬ್ಬರೂ ದಿಕ್ಸೂಚಿ, ಅಳತೆಯ ಟೇಪು ಹಿಡಿದು ನಡೆದರು. ಅಳೆದದ್ದನ್ನು ಅವಳು ಕಂಪ್ಯೂಟರಿಗೆ ಹಾಕಿದಳು. ಪರದೆಯ ಮೇಲೆ ಚುಕ್ಕೆಗೆ ಚುಕ್ಕೆ ಕೂಡಿ ದಾರಿ ಮೂಡಿತು.

ಬಜಪೆಯಾಚೆ ಆ ದಾರಿ ಶೀನಪ್ಪನ ಬೇಲಿಗೆ ಬಂದು ನಿಂತಿತ್ತು. ಪರರಿಗೆ ಅಲ್ಲಿ ಹಾದಿಯಿಲ್ಲ. ಆದರೆ ಅವನ ಜಾಗದಲ್ಲಿದ್ದ ಬನವೇ ಸ್ವರ್ಣಲತಾಳ ಮನೆತನದ ನಾಗನ ಮೂಲಸ್ಥಾನ. ಅವಳ ಮನೆಯವರು ಮೀನುಗಾರಿಕೆಗೆಂದು ಕಡಲ ಬದಿಗೆ ಇಳಿದು ತಲೆಮಾರುಗಳು ಕಳೆದಿದ್ದರೂ ವರ್ಷಕ್ಕೊಮ್ಮೆ ಪೂಜೆಗೆ ಬನ್ನಿ ಎಂದು ಶೀನಪ್ಪನ ಮನೆಯಿಂದ ಹೇಳಿಕೆ ಬರುತ್ತಿತ್ತು. ಅವರು ಹೋಗಿ ನಾಗನಿಗೆ ತಂಬಿಲದ ಪೂಜೆ ಕೊಟ್ಟು ಬರುತ್ತಿದ್ದರು. ಆ ಒಂದು ದಿನ ಬಿಟ್ಟರೆ ಬನದೊಳಗೆ ಯಾರೂ ಕಾಲಿಡುವುದಿಲ್ಲ, ಒಣಕಡ್ಡಿಯನ್ನೂ ಹೆಕ್ಕುವುದಿಲ್ಲ.

ಅವಳ ಮುಖ ನೋಡಿ ಶೀನಪ್ಪ ಬೇಲಿ ಕಡಿದು, ಜನ ದಾಟುವಂತೆ ತಡಮೆ ಇಟ್ಟುಕೊಟ್ಟ. "ಹೊರಗಿಂದ ಹೋಗಲಿ ಮಗಾ. ಇಲ್ಲೊಂದು ಬನ ಉಂಟು ಅಂತ ಯಾರಿಗೂ ಗೊತ್ತಾಗುವುದು ಬೇಡ," ಎಂದಿದ್ದ. ಅವಳು ಮಾತು ಕೊಟ್ಟಿದ್ದಳು.

ದಾರಿ ಬನವನ್ನು ಸುತ್ತಿ ಹೋಗಬೇಕಾದರೆ ಬನ ಎಲ್ಲಿದೆಯೆಂದು ಮೊದಲು ಗುರುತಿಸಬೇಕು. ಅವಳು ಗುರುತಿಸಿದಳು. ಅಚ್ಚಿಗೆ ಕೊಡುವ ಮೊದಲು ಅದನ್ನು ಅಳಿಸುವುದು ಚಿತ್ತರಂಜನನ ಕೆಲಸ. ನಕ್ಷೆಯಿದ್ದ ಫ್ಲಾಪಿ ಅವನ ಕೈಯಲ್ಲಿತ್ತು.

ಹತ್ತು ಗಂಟೆಗೆ ಅವನು ಬಂದ.

"ಇದೆಂತ?" ಎಂದು ಕೇಳಿದಳು.

"ಎಂತ ಮಾರಾಯ್ತಿ, ಒಂದು ಚುಕ್ಕೆಗೆ ಇಷ್ಟು ಸಿಟ್ಟಾ?"

"ಅಳಿಸ್ತೇನೆ ಅಂತ ಹೇಳಿದ್ದು ನೀನು. ಮರೆತದ್ದಾ?"

"ಹ್ಞಾಂ, ಗಡಿಬಿಡಿಯಲ್ಲಿ..."

"ನಾನು ಹಾಕಿದ್ದು ಬರೀ ಗಡಿ. ಈ ಡೇರೆ ತಾನಾಗಿ ಬಂದು ಕೂತಿತಾ?"

ಅವನು ಕುರ್ಚಿ ಎಳೆದುಕೊಂಡ. "ಅಲ್ಲಿ ನೀರುಂಟು, ನೆರಳುಂಟು. ಮೊದಲ ದಿನ ಉಳಿಯಲಿಕ್ಕೆ ಅಷ್ಟು ಚಂದದ ಜಾಗ ಬೇರೆ ಎಲ್ಲುಂಟು, ಹೇಳು. ಅಚ್ಚಿನ ಖರ್ಚು ಅಪ್ಪನ ಹೋಟೆಲಿನದ್ದು. ಅಪ್ಪನಿಗೆ ಆ ಜಾಗ ಬೇಕು ಅಂತ ಇತ್ತು."

"ಅದು ನಮ್ಮ ನಾಗನ ಜಾಗ."

"ನಮಗೂ ನಾಗ ಉಂಟು ಮಾರಾಯ್ತಿ. ನನಗೆ ಭಕ್ತಿ ಇಲ್ವಾ?"

"ಉಂಟಲ್ಲ? ನಿಮ್ಮ ಬನದಲ್ಲಿ ಡೇರೆ ಹಾಕಿಸು."

ಅವನು ಮಾತು ತಿರುಗಿಸಿ ನಕ್ಷೆಗಳ ಲೆಕ್ಕ ಹೇಳಿದ. ಮೇಜಿನ ಮೇಲಿದ್ದ ಕಟ್ಟು ಅರ್ಧದಷ್ಟು ಮಾತ್ರ ಎಂದು ಅವಳಿಗೆ ಆಗ ತಿಳಿಯಿತು. ಉಳಿದರ್ಧ ಹಿಂದಿನ ದಿನವೇ ಹೋಟೆಲಿನಲ್ಲಿ ಹಂಚಿಹೋಗಿತ್ತು.

ಬೇರೆಯವರು ಹೇಳುವ ಮೊದಲು ತಾನೇ ಹೇಳಬೇಕೆಂದು ಅವಳು ಬಜಪೆಯ ಬಸ್ಸು ಹತ್ತಿದಳು. ಶೀನಪ್ಪ ಎಂದಿನಂತೆ ಬೆಲ್ಲ, ನೀರು ತಂದಿಟ್ಟ. ಅವಳು ನಕ್ಷೆ ಬಿಡಿಸಿ ತೋರಿಸಿ, ಚಿತ್ತರಂಜನ ಮಾಡಿದ್ದನ್ನು ಹೇಳಿದಳು. ಅವನು ಡೇರೆಯ ಚಿತ್ರದ ಮೇಲೆ ಬೆರಳಿಟ್ಟ.

"ಆ ಹುಡುಗನ ಪರಿಚಯ ನನಗಿಲ್ಲ," ಎಂದ. "ನಾನು ಬೇಲಿ ಕಡಿದದ್ದು ನಿನ್ನ ಮಾತಿಗೆ."

"ನನಗೆ ಗೊತ್ತಿರಲಿಲ್ಲ, ಶೀನಪ್ಪಣ್ಣ."

"ಇರಲಿಕ್ಕಿಲ್ಲ. ಆದರೆ ಬನವನ್ನು ಕಾಗದಕ್ಕೆ ಹಾಕಿದ್ದು ನೀನೇ ಅಲ್ವಾ ಮಗಾ?"

ಅವಳು ಬೆಲ್ಲ ಮುಟ್ಟದೆ ಎದ್ದಳು.

ಭಾನುವಾರ ಮಧ್ಯಾಹ್ನ ನಕ್ಷೆ ಹಿಡಿದು ನಡೆಯುವವರ ಮೊದಲ ತಂಡ ಬಂದಾಗ ಶೀನಪ್ಪ ತಡಮೆಗೆ ಮುಳ್ಳು ಹಾಕಿ ಮುಚ್ಚಿದ್ದ. ಅವರು ಡಾಮರು ರಸ್ತೆ ಹಿಡಿದು ಹಿಂದೆ ಹೋದರು. ಆ ವರ್ಷದ ತಂಬಿಲಕ್ಕೆ ಸ್ವರ್ಣಲತಾಳ ಮನೆಗೆ ಹೇಳಿಕೆ ಬರಲಿಲ್ಲ.